ಸಿಡಿ, ಡಿವಿಡಿಗಳಿಗೆ ಆರ್‌ಎಫ್‌ಐಡಿ ಟ್ಯಾಗ್ ಅಂಟಿಸಿದರೆ ನಡೆಯುತ್ತಾ?

ನಿಮ್ಮ ಸಂಗೀತ ಶಾಲೆಯ ಸಿಡಿ, ಡಿವಿಡಿಗಳನ್ನು ಯಾರು ಒಯ್ದರು ಅಂತ ಲೆಕ್ಕವೇ ಸಿಗುತ್ತಿಲ್ಲ, ಪುಸ್ತಕಕ್ಕೆ ಹಾಕುವ ಆರ್‌ಎಫ್‌ಐಡಿ ಟ್ಯಾಗನ್ನೇ, ಅಂದರೆ ರೇಡಿಯೋ ಸಂಕೇತದಿಂದ ಓದುವ ಗುರುತಿನ ಚೀಟಿಯನ್ನೇ, ಡಿಸ್ಕಿಗೂ ಅಂಟಿಸಬಹುದಾ ಅಂತ ಕೇಳಿದ್ದೀರಿ. ಗ್ರಂಥಾಲಯದಲ್ಲಿ ನಾನು ನೋಡಿಕೊಳ್ಳುವುದು ಇದೇ ಕೆಲಸ. ಟ್ಯಾಗ್ ಹಾಕಿ, ಆದರೆ ಪುಸ್ತಕದ್ದು ಬೇಡ.

ತೊಂದರೆ ಇರುವುದು ಡಿಸ್ಕಿನ ಅಲ್ಯೂಮಿನಿಯಂ ಪದರದಲ್ಲಿ. ಈ ಟ್ಯಾಗುಗಳಿಗೆ ಬ್ಯಾಟರಿ ಇಲ್ಲ. ಟ್ಯಾಗ್ ಓದುವ ಯಂತ್ರ, ಅಂದರೆ ರೀಡರ್, ಹೊರಡಿಸುವ 13.56 ಮೆಗಾಹರ್ಟ್ಸ್ ಕಾಂತಕ್ಷೇತ್ರದಿಂದಲೇ ಅವಕ್ಕೆ ಕರೆಂಟು ಸಿಗಬೇಕು. ಪಕ್ಕದಲ್ಲೇ ಲೋಹ ಇದ್ದರೆ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ ಆ ಕ್ಷೇತ್ರವನ್ನು ಕುಗ್ಗಿಸುತ್ತದೆ, ಟ್ಯಾಗಿನ ಶ್ರುತಿಯೂ ತಪ್ಪುತ್ತದೆ. ಫಾಸ್ಟ್ಯಾಗ್ ಅಷ್ಟು ದೂರದಿಂದ ಓದುತ್ತಲ್ವಾ ಅನ್ನಬಹುದು. ಅದು ಯುಎಚ್‌ಎಫ್ ಟ್ಯಾಗ್, ಅಂದರೆ ಇದಕ್ಕಿಂತ ತುಂಬಾ ಹೆಚ್ಚಿನ ಆವರ್ತನದ್ದು, ಮೇಲಾಗಿ ಕೂತಿರುವುದು ಗಾಜಿನ ಮೇಲೆ.

ಒಂದು ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ 15 ಮಿ.ಮೀ. ತೂತು, ಅದರ ಸುತ್ತ ಆಚೆ ಕಾಣುವ ಬರೀ ಪ್ಲಾಸ್ಟಿಕ್. ಅಲ್ಲಿ ಡೇಟಾ ಇರುವುದಿಲ್ಲ, ಸಾಮಾನ್ಯವಾಗಿ ಲೋಹವೂ ಇರುವುದಿಲ್ಲ. ಡಿಸ್ಕಿಗೆಂದೇ ಮಾಡಿದ ದುಂಡು ಟ್ಯಾಗ್ ಕೂರುವುದು ಅಲ್ಲೇ. ದುಂಡಗಿರುವುದರಿಂದ ತೂಕವೂ ಒಂದೇ ಕಡೆಗೆ ವಾಲುವುದಿಲ್ಲ. 52 ಎಕ್ಸ್ (52 ಪಟ್ಟು ವೇಗದ) ಡ್ರೈವಿನಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಚೌಕದ ಟ್ಯಾಗನ್ನು ಒಂದು ಬದಿಗೆ ಅಂಟಿಸಿದರೆ ಡ್ರೈವ್ ಗಡಗಡ ಅದುರುತ್ತದೆ.

ಆದರೆ ಈ ದುಂಡು ಟ್ಯಾಗಿನ ಆಂಟೆನಾ ಚಿಕ್ಕದು. ರೀಡರ್ ಪ್ಯಾಡಿನ ಮೇಲಿಟ್ಟರೆ ಓದುತ್ತದೆ, ಹೊರಹೋಗುವಾಗ ಟ್ಯಾಗ್ ಪತ್ತೆಹಚ್ಚುವ ಬಾಗಿಲ ಗೇಟಿನಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಒಂದೇ ಡಬ್ಬಿಯಲ್ಲಿ ಮೂರು ಡಿಸ್ಕ್ ಇದ್ದರಂತೂ ಒಂದರ ಮೇಲೊಂದು ಕೂತ ಟ್ಯಾಗುಗಳು ಪರಸ್ಪರ ಕೆಡಿಸುತ್ತವೆ. ಇಡೀ ಡಿಸ್ಕನ್ನೇ ಮುಚ್ಚುವ ಟ್ಯಾಗ್ ಲೇಬಲ್‌ಗಳೂ ಸಿಗುತ್ತವೆ. ಅವು ಜಾಸ್ತಿ ದೂರದಿಂದ ಓದುತ್ತವೆ, ಆದರೆ ಡಿಸ್ಕ್ ದಪ್ಪವಾಗುತ್ತದೆ. ಕಾರಿನ ಪ್ಲೇಯರಿನಂಥ ಸೀಳಿನೊಳಗೆ ತೂರಿಸಿದರೆ ಸಿಕ್ಕಿಕೊಳ್ಳುವ ಭಯ.

ಮುಖ್ಯವಾದ ಮಾತೊಂದಿದೆ. ನಿಮ್ಮ ಗುರುಗಳ ಕಛೇರಿಯ ಮೂಲ ರೆಕಾರ್ಡಿಂಗ್ ಸಿಡಿ-ಆರ್‌ನಲ್ಲಿ (ನಾವೇ ರೆಕಾರ್ಡ್ ಮಾಡಿಕೊಳ್ಳುವ ಸಿಡಿಯಲ್ಲಿ) ಇದ್ದರೆ ದಯವಿಟ್ಟು ಅದಕ್ಕೆ ಏನನ್ನೂ ಅಂಟಿಸಬೇಡಿ. ಸಿಡಿಯ ಲೇಬಲ್ ಬದಿಯಲ್ಲಿ ಲೋಹದ ಮೇಲೆ ಇರುವುದು ತೆಳು ಮೆರುಗೆಣ್ಣೆ ಅಷ್ಟೇ. ಸ್ಟಿಕ್ಕರ್ ಕಿತ್ತರೆ ಲೋಹವೂ ಜೊತೆಗೆ ಎದ್ದು ಬರಬಹುದು, ಹಾಡು ಹೋದ ಹಾಗೆಯೇ. ಈಗಾಗಲೇ ಅಂಟಿಸಿದ್ದರೆ ಕೀಳಬೇಡಿ, ಸುಮ್ನೆ ಬಿಡಿ, ಮೊದಲು ಕಾಪಿ ಮಾಡಿಕೊಳ್ಳಿ.

ಅಂಥವುಗಳಿಗೆ ಟ್ಯಾಗ್ ಡಬ್ಬಿಯ ಮೇಲಿರಲಿ. ಡಿಸ್ಕಿನ ನಡುವಿನ ಪ್ಲಾಸ್ಟಿಕ್ ಭಾಗದಲ್ಲಿ ನೀರಿನ ಶಾಯಿಯ ಮಾರ್ಕರ್‌ನಿಂದ ಅದೇ ನಂಬರ್ ಬರೆಯಿರಿ. ವಾಪಸ್ ಬಂದಾಗ ಡಬ್ಬಿ ತೆಗೆದು ಎರಡೂ ನಂಬರ್ ಒಂದೇನಾ ಅಂತ ನೋಡಿಯೇ ಒಳಗೆ ತೆಗೆದುಕೊಳ್ಳಿ. ಟ್ಯಾಗ್ ಹೇಳುವುದು ಡಬ್ಬಿ ಬಂತು ಅಂತ ಮಾತ್ರ.