ಸಹಕಾರ ಸಂಘದ ಸಭೆಯಲ್ಲಿ ಕೊಳೆರೋಗದ ಬಗ್ಗೆ 20 ನಿಮಿಷ ಮಾತನಾಡಲು ತಯಾರಿ

ಮೇ ತಿಂಗಳ ಎರಡನೆಯ ವಾರ ತೀರ್ಥಹಳ್ಳಿ ಸಮೀಪದ ತಮ್ಮೂರಿನ ಸಹಕಾರ ಸಂಘದ ಸಭೆಯಲ್ಲಿ ಮಳೆಗಾಲದಲ್ಲಿ ಎಳೆಯ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆರೋಗದ ಬಗ್ಗೆ 20 ನಿಮಿಷ ಮಾತನಾಡಬೇಕಾಗಿದೆ, ಇದುವರೆಗೆ ಮೈಕ್ ಹಿಡಿದು ಅಭ್ಯಾಸವಿಲ್ಲ, ಹೇಗೆ ತಯಾರಾಗಬೇಕು ಎಂದು ತಾವು ಕೇಳಿದ್ದೀರಿ. ರೋಗದ ಇತಿಹಾಸ, ಶಿಲೀಂಧ್ರದ ಜೀವನಚಕ್ರ, ಬೋರ್ಡೋ ದ್ರಾವಣ (ಮೈಲುತುತ್ತ ಎಂಬ ತಾಮ್ರದ ಲವಣ ಮತ್ತು ಸುಣ್ಣದ ಮಿಶ್ರಣ), ಬಸಿಗಾಲುವೆ, ಎಲೆಚುಕ್ಕಿ ರೋಗ, ಬೆಳೆವಿಮೆ ಎಂದು ಆರು ತಲೆಬರಹಗಳ ಟಿಪ್ಪಣಿಯನ್ನೂ ಹಾಕಿದ್ದೀರಿ. ನಾನು ಸಾಗರದ ಕಡೆಯ ತೋಟಿಗ. ಇಂತಹ ಸಭೆಗಳಲ್ಲಿ ಹಲವು ವರ್ಷ ಮಾತನಾಡುತ್ತಾ ಕಲಿತದ್ದನ್ನು ವಿವರವಾಗಿ ಬರೆಯುತ್ತೇನೆ.

ಮೊದಲಿಗೆ, ಆ ಆರರಲ್ಲಿ ಒಂದನ್ನು ಉಳಿಸಿಕೊಂಡು ಐದನ್ನು ಬಿಡಬೇಕು. ಯಾವುದನ್ನು ಉಳಿಸಿಕೊಳ್ಳುವುದೆಂದು ತಿಳಿಯಲು ನನಗೆ ನೆರವಾದ ದಾರಿಯೆಂದರೆ, ಸಭೆಗೆ ಬಂದವರು ಮರುದಿನ ಬೆಳಿಗ್ಗೆ ತೋಟಕ್ಕೆ ಹೋದಾಗ ಏನು ಮಾಡಬೇಕೆಂದು ನಾನು ಬಯಸುತ್ತೇನೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳುವುದು. ತಮ್ಮ ಮಟ್ಟಿಗೆ ಅದು ಹೀಗಿರಬಹುದು: ‘ಮಳೆ ಹಿಡಿಯುವ ಮೊದಲೇ, ಸರಿಯಾಗಿ ತಯಾರಿಸಿದ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಅಡಿಕೆಯ ಕೊನೆಗಳಿಗೆ (ಗೊನೆಗಳಿಗೆ) ಹೊಡೆಸಬೇಕು.’ ಈ ವಾಕ್ಯಕ್ಕೆ ಆಸರೆಯಾಗುವ ಮಾತು ಮಾತ್ರ ಭಾಷಣದಲ್ಲಿರಲಿ. ಎಲೆಚುಕ್ಕಿ ಮತ್ತು ಬೆಳೆವಿಮೆ ಮುಖ್ಯವಲ್ಲವೆಂದಲ್ಲ; ಅವಕ್ಕೆ ಬೇರೆಯದೇ ಸಭೆ ಬೇಕು.

ನಾನು ಮೊದಲ ಸಲ ಮಾತನಾಡಿದಾಗ ಹದಿನಾಲ್ಕು ಪುಟ ಬರೆದುಕೊಂಡು ಹೋಗಿ ಓದಿದೆ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಐದನೆಯ ಪುಟದ ಹೊತ್ತಿಗೆ ಹಿಂದಿನ ಸಾಲಿನವರು ತಮ್ಮತಮ್ಮಲ್ಲಿ ಮಾತಿಗೆ ತೊಡಗಿದ್ದರು, ನಾನು ತಲೆಯೆತ್ತದ ಕಾರಣ ಅದು ನನಗೆ ಕಾಣಲೂ ಇಲ್ಲ. ಅಂದಿನಿಂದ ಓದುವುದನ್ನು ಬಿಟ್ಟೆ. ವೇಷವಿಲ್ಲದೆ ಕುಳಿತು ಯಕ್ಷಗಾನದ ಪ್ರಸಂಗವನ್ನು ಮಾತಿನಲ್ಲೇ ನಡೆಸುವ ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಮಾತುಗಳನ್ನು ಬಾಯಿಪಾಠ ಮಾಡಿ ಬರುವುದಿಲ್ಲ. ಪ್ರಸಂಗದ ನಡೆ ಮತ್ತು ಪದ ಮನಸ್ಸಿನಲ್ಲಿರುತ್ತವೆ, ಮಾತು ಅಲ್ಲೇ ಹುಟ್ಟುತ್ತದೆ. ತಾವೂ ಹಾಗೆಯೇ ವಿಷಯದ ನಡೆಯನ್ನು ಅಂಗೈಯಗಲದ ಒಂದು ಚೀಟಿಯಲ್ಲಿ ಏಳೆಂಟು ಪದಗಳಾಗಿ ಬರೆದುಕೊಳ್ಳಿ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿ, ಏಕೆಂದರೆ ನಾಲಿಗೆ ಒಣಗುವುದು ಆರಂಭದಲ್ಲಿ, ಮಾತು ಮುಗಿಸಲು ಬಾರದೆ ಸುತ್ತುವುದು ಕೊನೆಯಲ್ಲಿ.

ಆರಂಭವನ್ನು ಶಿಲೀಂಧ್ರದ ಹೆಸರಿನಿಂದ ಮಾಡಬೇಡಿ. ಕೊಳೆತು ಉದುರಿದ ನಾಲ್ಕು ಹಸಿ ಕಾಯಿಗಳು ಆಗ ಸಿಗಲಾರವು, ಆದ್ದರಿಂದ ಕಳೆದ ಮಳೆಗಾಲದ ಫೋಟೋ ಇದ್ದರೆ ದೊಡ್ಡದಾಗಿ ಮುದ್ರಿಸಿ ಎತ್ತಿ ಹಿಡಿಯಿರಿ. ಮರದ ಬುಡದಲ್ಲಿ ಹಾಸಿಬಿದ್ದ ಎಳೆಯ ಅಡಿಕೆಯನ್ನು ನೋಡದ ಮನೆ ಮಲೆನಾಡಿನಲ್ಲಿ ಅಪರೂಪ. ಅದಾದ ಮೇಲೆ ಕಾರಣಕ್ಕೆ ಬನ್ನಿ: ಫೈಟಾಫ್ತೊರಾ ಎಂಬ ಈ ರೋಗಾಣುವಿನ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಬಿಡದೆ ಸುರಿಯುವ ಮಳೆ ಮತ್ತು ಮಂಜು ಕಾಯಿಯನ್ನು ಸದಾ ತೇವವಾಗಿಟ್ಟು ಅವಕ್ಕೆ ದಾರಿ ಮಾಡಿಕೊಡುತ್ತವೆ. ಕಾಯಿಯ ಮೇಲೆ ಕುಳಿತ ತಾಮ್ರದ ಅಂಶ ಆ ಕಣಗಳು ಮೊಳೆಯದಂತೆ ತಡೆಯುತ್ತದೆಯೇ ಹೊರತು ಆಗಲೇ ಒಳಹೊಕ್ಕ ರೋಗವನ್ನು ಗುಣಪಡಿಸುವುದಿಲ್ಲ. ಇಷ್ಟು ಮನದಟ್ಟಾದರೆ ‘ಮಳೆಗೆ ಮೊದಲೇ’ ಎಂಬ ಮಾತನ್ನು ತಾವು ಒತ್ತಿ ಹೇಳಬೇಕಾಗಿಲ್ಲ, ಕೇಳುಗರೇ ಅಲ್ಲಿಗೆ ಬಂದಿರುತ್ತಾರೆ. ಎರಡನೆಯ ಸಿಂಪಡಣೆ 40–45 ದಿನಗಳ ನಂತರ ಎಂಬುದನ್ನೂ ಇಲ್ಲಿಯೇ ಸೇರಿಸಿ.

ಇತಿಹಾಸವನ್ನು ಹೇಳಲೇಬೇಕೆಂದಿದ್ದರೆ ಎರಡು ವಾಕ್ಯ ಸಾಕು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೇ ಕೊಳೆಯನ್ನು ಅಭ್ಯಾಸ ಮಾಡಿದ್ದರು; ಅದಕ್ಕೂ ಹಿಂದೆ ನಮ್ಮ ಹಿರಿಯರು ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೊಟ್ಟೆಯ ಮಾತು ಬಂದಾಗ ವಯಸ್ಸಾದವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ, ಆದ್ದರಿಂದ ಅದನ್ನು ಬಿಡಬೇಡಿ.

ಇನ್ನು ಹೆಚ್ಚು ಸಮಯ ಕೊಡಬೇಕಾದದ್ದು ಪ್ರಾತ್ಯಕ್ಷಿಕೆಗೆ. ದ್ರಾವಣದ ಅಳತೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ವೇದಿಕೆಯ ಮೇಲೆ ಅದನ್ನು 1 ಲೀಟರಿಗೆ ಇಳಿಸಿ, ತಲಾ 10 ಗ್ರಾಂ ತೆಗೆದುಕೊಂಡು ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕಲಸಿ. ಮೈಲುತುತ್ತದ ಹರಳು ಕರಗಲು ಹೊತ್ತು ಹಿಡಿಯುವುದರಿಂದ ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೆನೆಹಾಕಿಡಿ, ಕಬ್ಬಿಣದ ಪಾತ್ರೆ ಬೇಡ. ಎಲ್ಲರಿಗೂ ಕಾಣುವಂತೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕದಡಿ. ಇದರ ಪಕ್ಕದಲ್ಲಿ, ಸುಣ್ಣವನ್ನು ಒಂದು ಚಿಟಿಕೆ ಮಾತ್ರ ಹಾಕಿದ ಇನ್ನೊಂದು ಪಾತ್ರೆಯೂ ಇರಲಿ. ಮರಳಿನಲ್ಲಿ ಉಜ್ಜಿ ಹೊಳಪಿಸಿದ ಕಬ್ಬಿಣದ ಎರಡು ಅಲಗುಗಳನ್ನು ಒಂದೊಂದು ಪಾತ್ರೆಗೆ ಒಂದರಂತೆ ಅದ್ದಿ ತೆಗೆದಾಗ, ಸುಣ್ಣ ಸಾಲದ ಪಾತ್ರೆಯಲ್ಲಿ ಅದ್ದಿದ ಅಲಗಿಗೆ ತಾಮ್ರದ ಕೆಂಪು ಹತ್ತಿರುತ್ತದೆ. ಆ ಅಲಗನ್ನು ಮುಂದಿನ ಸಾಲಿನವರ ಕೈಗೆ ಕೊಟ್ಟು ಹಿಂದಿನವರೆಗೂ ಸಾಗಲು ಬಿಡಿ, ಅಷ್ಟು ಹೊತ್ತು ಮಾತನಾಡದೆ ಸುಮ್ಮನಿರಿ. ಹಳೆಯದಾಗಿ ಸತ್ವ ಕಳೆದುಕೊಂಡ ಸುಣ್ಣ ತಂದರೆ ಏನಾಗುತ್ತದೆ ಎಂಬುದನ್ನು ಹತ್ತು ನಿಮಿಷ ವಿವರಿಸಿದರೂ ಆ ಕೆಂಪು ಅಲಗಿನಷ್ಟು ನಾಟುವುದಿಲ್ಲ.

ಸುಮ್ಮನಿರುವುದಕ್ಕೆ ಹೊಸ ಭಾಷಣಕಾರರು ಹೆದರುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಂತಹ ಊರಿನಲ್ಲಿ ಗಮಕ, ಅಂದರೆ ರಾಗವಾಗಿ ಮಾಡುವ ಕಾವ್ಯವಾಚನ, ಕೇಳಿದವರಿಗೆ ಗೊತ್ತು: ವಾಚನ ನಿಂತ ಮೇಲೆಯೇ ವ್ಯಾಖ್ಯಾನ ಆರಂಭವಾಗುತ್ತದೆ. ಅಂಕಿಯನ್ನು ಹೇಳುವಾಗ ಆ ಕ್ರಮ ಬಹಳ ಉಪಯುಕ್ತ. ‘200 ಲೀಟರಿನ ಡ್ರಮ್ಮಿಗೆ ಎರಡು ಕಿಲೋ, ಎರಡು ಕಿಲೋ’ ಎಂದು ಹೇಳಿ ನಿಲ್ಲಿಸಿ, ಕೇಳುಗರು ಬರೆದುಕೊಂಡ ಮೇಲೆ ವಿವರಣೆಗೆ ಹೋಗಿ.

ಅಭ್ಯಾಸವನ್ನು ಮನಸ್ಸಿನಲ್ಲೇ ಮಾಡಿದರೆ ಪ್ರಯೋಜನವಿಲ್ಲ. ನಿಂತುಕೊಂಡು, ಗಟ್ಟಿಯಾಗಿ, ಗಡಿಯಾರವಿಟ್ಟು, ಕನಿಷ್ಠ ಮೂರು ಸಲ ಹೇಳಿ. ಒಂದು ಸಲವಾದರೂ ಮನೆಯವರ ಮುಂದೆ, ಪಾತ್ರೆ ಮತ್ತು ಅಲಗುಗಳ ಸಮೇತ. ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿದರೆ ಎಲ್ಲಿ ಅವಸರವಾಗಿದೆ, ಯಾವ ಪದ ಮತ್ತೆ ಮತ್ತೆ ಬರುತ್ತಿದೆ ಎಂದು ತಾನೇ ತಿಳಿಯುತ್ತದೆ. ಜೊತೆಗೆ 10 ನಿಮಿಷದ ರೂಪವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಸ್ವಾಗತ ಮತ್ತು ಹಾರ ಮುಗಿಯುವಾಗ ತಮ್ಮ ಸಮಯ ಅರ್ಧವಾಗಿರುವುದು ಸಾಮಾನ್ಯ. ಆಗ ವೇಗವಾಗಿ ಮಾತನಾಡುವುದರ ಬದಲು ಇತಿಹಾಸವನ್ನು ಪೂರ್ತಿ, ಕಾರಣವನ್ನು ಮುಕ್ಕಾಲು ಬಿಟ್ಟು ನೇರವಾಗಿ ಪ್ರಾತ್ಯಕ್ಷಿಕೆಗೆ ಹೋಗಿ.

ಪವರ್‌ಪಾಯಿಂಟ್ ಅಗತ್ಯವೆಂದು ನನಗೆ ಅನಿಸುವುದಿಲ್ಲ. ಮಾಡಿಯೇ ಮಾಡುತ್ತೀರೆಂದಾದರೆ ಯುನಿಕೋಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಆಗಿ ಉಳಿಸಿ, ಏಕೆಂದರೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮಾಡಿದ್ದು ಅದಿಲ್ಲದ ಕಂಪ್ಯೂಟರಿನಲ್ಲಿ ಓದಲಾಗದ ಚಿಹ್ನೆಗಳಾಗಿ ಕಾಣುತ್ತದೆ. ಮೇ ತಿಂಗಳ ಸಂಜೆ ಗುಡುಗು ಬಂದರೆ ಕರೆಂಟ್ ಹೋಗುವುದೂ ಉಂಟು, ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮೈಕ್ ಇದ್ದರೂ ಕೇಳಿಸದು. ಅಳತೆಗಳನ್ನು ದಪ್ಪಕ್ಷರದಲ್ಲಿ ಬರೆದ ಒಂದು ಚಾರ್ಟ್ ಕೈಯಲ್ಲಿದ್ದರೆ ಎಲ್ಲ ಸಂದರ್ಭದಲ್ಲೂ ನಡೆಯುತ್ತದೆ, ಜನ ಅದರ ಫೋಟೋ ತೆಗೆದುಕೊಂಡೂ ಹೋಗುತ್ತಾರೆ.

ಪ್ರಶ್ನೆಗಳಿಗೆ ಐದು ನಿಮಿಷ ಉಳಿಸಿ. ಯಾರೇ ಕೇಳಿದರೂ ಪ್ರಶ್ನೆಯನ್ನು ಮೈಕಿನಲ್ಲಿ ಒಮ್ಮೆ ತಾವೇ ಹೇಳಿ ಆಮೇಲೆ ಉತ್ತರಿಸಿ, ಇಲ್ಲವಾದರೆ ಹಿಂದಿನವರಿಗೆ ಉತ್ತರ ಮಾತ್ರ ಕೇಳಿಸುತ್ತದೆ. ಎಲೆಚುಕ್ಕಿಯ ಪ್ರಶ್ನೆ ಖಂಡಿತ ಬರುತ್ತದೆ. ಅದಕ್ಕೆ ಊಹೆಯಿಂದ ಯಾವ ಔಷಧಿಯ ಹೆಸರನ್ನೂ ಹೇಳಬೇಡಿ. ಪ್ರಶ್ನೆ ಕೇಳಿದವರ ಫೋನ್ ಸಂಖ್ಯೆ ಬರೆದುಕೊಂಡು, ಕೃಷಿ ವಿಜ್ಞಾನ ಕೇಂದ್ರದವರಿಂದ ತಿಳಿದುಕೊಂಡು, ಆ ವಾರದೊಳಗೇ ಪ್ರಶ್ನೆ ಕೇಳಿದವರಿಗೆ ತಿಳಿಸಿ.