ಔಷಧ ಒಂದೇ ಆದರೂ ತಜ್ಞರ ಹಿನ್ನೆಲೆ ಏಕೆ ಮುಖ್ಯ?

ಮಾನ್ಯರೇ, ಅಮೆರಿಕದಲ್ಲಿ ಕ್ಯಾನ್ಸರ್‌ನ ಔಷಧ ಎಲ್ಲರಿಗೂ ಒಂದೇ ಆಗಿರುವಾಗ ತಜ್ಞವೈದ್ಯರು ಯಾವ ಜನಾಂಗದವರಾದರೇನು ಎಂದು ಕೇಳಿದ್ದೀರಿ. ಅಲ್ಲಿನ ಕಪ್ಪು ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಳಿಯರಿಗಿಂತ ತುಸು ಕಡಿಮೆ ಕಾಣಿಸಿಕೊಂಡರೂ ಅದರಿಂದಾಗುವ ಸಾವಿನ ಪ್ರಮಾಣ ಸುಮಾರು ಶೇ. 40ರಷ್ಟು ಹೆಚ್ಚು, ಜನಸಂಖ್ಯೆಯ ಸುಮಾರು ಶೇ. 13ರಷ್ಟಿರುವ ಈ ಸಮುದಾಯದವರು ಕ್ಯಾನ್ಸರ್ ತಜ್ಞರಲ್ಲಿ ಶೇ. 3ರ ಆಸುಪಾಸಿನಲ್ಲಷ್ಟೇ ಇದ್ದಾರೆ. ವಿಮೆಯ ಕೊರತೆ, ತಡವಾದ ರೋಗಪತ್ತೆಗಳೂ ಕಾರಣಗಳೇ, ನಿಜ. ಆದರೆ ಔಷಧಕ್ಕಿಂತ ಮೊದಲು ನಂಬಿಕೆ ಬೇಕು: ಓಕ್‌ಲ್ಯಾಂಡ್ ನಗರದ ಅಧ್ಯಯನವೊಂದರಲ್ಲಿ ಕಪ್ಪು ಪುರುಷರು ತಮ್ಮದೇ ಸಮುದಾಯದ ವೈದ್ಯರೊಡನೆ ಮಾತನಾಡಿದ ಮೇಲೆ, ಮೊದಲು ಬೇಡವೆಂದಿದ್ದ ಮುನ್ನೆಚ್ಚರಿಕೆಯ ತಪಾಸಣೆಗಳಿಗೂ ಹೆಚ್ಚಾಗಿ ಒಪ್ಪಿಕೊಂಡರು. ಅಂತಹ ವೈದ್ಯರ ಅಭಾವ ಆಕಸ್ಮಿಕವಲ್ಲ. ವೈದ್ಯಕೀಯ ಕಾಲೇಜುಗಳ ಗುಣಮಟ್ಟವನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಕಪ್ಪು ವಿದ್ಯಾರ್ಥಿಗಳ ಏಳು ವೈದ್ಯಕೀಯ ಕಾಲೇಜುಗಳಲ್ಲಿ ಐದು ಮುಚ್ಚಿ, ಹೋವರ್ಡ್ ಮತ್ತು ಮೆಹ್ಯಾರಿ ಮಾತ್ರ ಉಳಿದವು.