ಓದುಗರ ಪ್ರಶ್ನೆ: ಆಂಡಲೂಸಿಯಾದ ಒಣದ್ರಾಕ್ಷಿಯ ಹಳ್ಳಿಗೆ ಹೊರಟವರಿಗೆ

ಪ್ರಶ್ನೆ: ನಮ್ಮ ಮಗ ಮ್ಯಾಡ್ರಿಡ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ಮುಂದಿನ ವರ್ಷ ಮನೆಯವರೂ ನಾನೂ ಅವನಲ್ಲಿಗೆ ಹೋಗುವವರಿದ್ದೇವೆ. ಸ್ಪೇನಿನ ದಕ್ಷಿಣದಲ್ಲಿ ದ್ರಾಕ್ಷಿಯನ್ನು ಈಗಲೂ ಬರೀ ಬಿಸಿಲಿನಲ್ಲಿ ಒಣಗಿಸುವ ಹಳ್ಳಿಗಳಿವೆ ಎಂದು ಕೇಳಿದ್ದೇವೆ. ಯಾವ ಹಳ್ಳಿಗೆ, ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?
— ನಿವೃತ್ತ ಬ್ಯಾಂಕ್ ನೌಕರರು, ಕುಂಜಿಬೆಟ್ಟು, ಉಡುಪಿ

ಉತ್ತರ: ನೀವು ಕೇಳಿರುವ ಹಳ್ಳಿಗಳು ಆಂಡಲೂಸಿಯಾದ ಮಾಲಗಾ ಪ್ರಾಂತ್ಯದ ಪೂರ್ವಕ್ಕಿರುವ ಆಕ್ಸಾರ್ಕಿಯಾ ಎಂಬ ಗುಡ್ಡಗಾಡಿನಲ್ಲಿವೆ. ಮೊಕ್ಲಿನೆಹೊ, ಅಲ್ಮಾಚರ್, ಎಲ್ ಬೋರ್ಹೆ, ಕೂತರ್, ಕೊಮಾರೆಸ್ ಎಂಬ ಊರುಗಳನ್ನು ಜೋಡಿಸುವ ದಾರಿಗೆ ಅಲ್ಲಿನವರು ‘ಒಣದ್ರಾಕ್ಷಿಯ ದಾರಿ’ ಎಂದೇ ಹೆಸರಿಟ್ಟಿದ್ದಾರೆ. ಎಲ್ಲವನ್ನೂ ಒಂದೇ ದಿನದಲ್ಲಿ ಸುತ್ತಿ ಮುಗಿಸುವ ಆಸೆ ಬೇಡ. ಒಂದೇ ಊರು ಸಾಕೆಂದಾದರೆ ಅಲ್ಮಾಚರ್ ಆಗಬಹುದು. ಹಳೆಯ ಮನೆಯೊಂದನ್ನು ಅಲ್ಲಿ ಒಣದ್ರಾಕ್ಷಿಯ ವಸ್ತುಸಂಗ್ರಹಾಲಯವನ್ನಾಗಿ ಉಳಿಸಿಕೊಂಡಿದ್ದು, ಕೊಯ್ಲಿನ ಬುಟ್ಟಿ, ಕತ್ತರಿ, ತಕ್ಕಡಿಗಳನ್ನೆಲ್ಲ ಮೊದಲು ಅಲ್ಲಿ ನೋಡಿಕೊಂಡರೆ ಆಮೇಲೆ ಗುಡ್ಡದಲ್ಲಿ ಕಾಣುವ ಕೆಲಸದ ತಲೆಬುಡ ಸರಿಯಾಗಿ ಅರ್ಥವಾಗುತ್ತದೆ. ಇನ್ನರ್ಧ ದಿನವಿದ್ದರೆ ನೆರೆಯ ಎಲ್ ಬೋರ್ಹೆಗೂ ಹೋಗಿ, 16ನೆಯ ಶತಮಾನದ ಇಗರ್ಜಿಯ ಮುಂದಿನ ಚೌಕದಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.

ತಿಂಗಳಿನ ವಿಷಯದಲ್ಲಿ ಮಾತ್ರ ನನ್ನದು ಖಚಿತ ಅಭಿಪ್ರಾಯ: ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಹೋಗಬೇಕು. ಪ್ರವಾಸಿ ಪತ್ರಿಕೆಗಳು ವಸಂತಕಾಲವನ್ನು ಹೊಗಳುತ್ತವೆ, ಹವೆಯೂ ಆಗ ಹಿತವಾಗಿರುತ್ತದೆ ಎಂಬುದು ನಿಜ. ಆದರೆ ಏಪ್ರಿಲ್‌ನಲ್ಲಿ ಹೋದವರಿಗೆ ಸುಣ್ಣ ಬಳಿದ ಮನೆಗಳು ಕಾಣುತ್ತವೆಯೇ ಹೊರತು ಒಣದ್ರಾಕ್ಷಿ ಕಾಣುವುದಿಲ್ಲ. ನಮ್ಮಲ್ಲಿ ಮಳೆ ಇನ್ನೂ ಬಿಡದಿರುವ ಆ ದಿನಗಳಲ್ಲಿ ಅಲ್ಲಿ ಆಕಾಶ ಒಣಗಿಕೊಂಡಿರುತ್ತದೆ. ಮೊಸ್ಕಟೆಲ್ ಎಂಬ ದಪ್ಪ ಹಣ್ಣಿನ, ಪರಿಮಳದ ದ್ರಾಕ್ಷಿಯನ್ನು ಕೊಯ್ದು, ಊರಿನ ಸುತ್ತಲ ಇಳಿಜಾರುಗಳಲ್ಲಿರುವ ‘ಪಸೇರೊ’ಗಳ ಮೇಲೆ ಗೊಂಚಲು ಗೊಂಚಲಾಗಿ ಹರಡುವುದು ಆಗಲೇ. ಪಸೇರೊ ಎಂದರೆ ದಕ್ಷಿಣದ ಬಿಸಿಲಿಗೆ ಮುಖ ಮಾಡಿ ಓರೆಯಾಗಿ ಕಟ್ಟಿದ, ಉದ್ದನೆಯ ಪಾತಿಗಳ ಸಾಲು. ಅವುಗಳ ತುದಿಯಲ್ಲಿ ಮನೆಯ ಮಾಡಿನ ಆಕಾರದ ಬಿಳಿಯ ಗೋಡೆಗಳಿದ್ದು, ಸಂಜೆ ಅವುಗಳ ಆಧಾರದ ಮೇಲೆ ಬಟ್ಟೆಯನ್ನೋ ಟಾರ್ಪಾಲನ್ನೋ ಎಳೆದು ಇಬ್ಬನಿಯಿಂದ ಹಣ್ಣನ್ನು ಕಾಪಾಡುತ್ತಾರೆ. ನಮ್ಮ ಕಡೆ ಅಂಗಳದಲ್ಲಿ ಅಡಿಕೆ ಒಣಹಾಕಿ, ಮೋಡ ಕಂಡೊಡನೆ ಓಡುವ ಮನೆಗಳವರಿಗೆ ಆ ಆತಂಕವನ್ನು ವಿವರಿಸಬೇಕಾಗಿಲ್ಲ. ಒಂದು ಬದಿ ಒಣಗಿದ ಮೇಲೆ ಪ್ರತಿಯೊಂದು ಗೊಂಚಲನ್ನೂ ಕೈಯಿಂದಲೇ ಮಗುಚಿ ಹಾಕುತ್ತಾರೆ. ಬಿಸಿಲು ಹೇಗಿದೆ ಎಂಬುದರ ಮೇಲೆ ಇದಕ್ಕೆಲ್ಲ ಒಂದು ವಾರದಿಂದ ಮೂರು ವಾರದವರೆಗೂ ಹಿಡಿಯುತ್ತದೆ.

ಹಬ್ಬದ ದಿನವೇ ಹೋಗಬೇಕೆಂದಿದ್ದರೆ ಅಲ್ಮಾಚರ್‌ನ ಅಹೋಬ್ಲಾಂಕೊ ಎಂಬ ಬಾದಾಮಿ ಸೂಪಿನ ಹಬ್ಬ ಸೆಪ್ಟೆಂಬರ್‌ನ ಮೊದಲ ಶನಿವಾರ, ಎಲ್ ಬೋರ್ಹೆಯ ಒಣದ್ರಾಕ್ಷಿಯ ದಿನ ಅದೇ ತಿಂಗಳ ಮೂರನೆಯ ಭಾನುವಾರ. ಹಾಡು, ಕುಣಿತ, ರುಚಿ ನೋಡುವ ಸಡಗರ ಎಲ್ಲವೂ ಆಗ ಸಿಗುತ್ತದೆ. ಆದರೆ ಕಿರಿದಾದ ಆ ಬೀದಿಗಳು ಹೊರಗಿನ ಜನರಿಂದ ತುಂಬಿಹೋಗುತ್ತವೆ, ಕೆಲಸಗಾರರೂ ಕೆಲಸ ಬಿಟ್ಟು ಹಬ್ಬದಲ್ಲಿರುತ್ತಾರೆ. ನಿಮ್ಮಂಥ ಕುತೂಹಲಿಗಳಿಗೆ ಹಬ್ಬದ ಹಿಂದಿನ ಅಥವಾ ಮುಂದಿನ ಮಂಗಳವಾರವೋ ಬುಧವಾರವೋ ಹೆಚ್ಚು ಲಾಭದ ದಿನ.

ವೀಸಾದ ಕುರಿತು ನೀವು ಕೇಳಿಲ್ಲವಾದರೂ ಒಂದು ಮಾತು. ಬೇಕಾಗುವುದು ಷೆಂಗೆನ್ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಸಲ್ಲಿಸಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುವುದರಿಂದ ರೈಲಿನ ಟಿಕೆಟನ್ನೂ ಅದಕ್ಕೆ ತಕ್ಕಂತೆ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮದು ತಲೆಮಾರಿನಿಂದ ಬಂದ ಒಣಹಣ್ಣಿನ ವ್ಯಾಪಾರ. ಮಾಲಗಾದ ಒಣದ್ರಾಕ್ಷಿಯಲ್ಲಿ ಬೀಜವಿರುತ್ತದೆ, ಬೆಲೆಯೂ ಹೆಚ್ಚು ಎನ್ನುತ್ತಾರೆ. ಬೀಜವಿಲ್ಲದ ವಿಜಯಪುರದ ದ್ರಾಕ್ಷಿ ಕೈಗೆಟಕುವ ದರದಲ್ಲಿ ಸಿಗುವಾಗ ಅದರಲ್ಲಿ ಅಂಥ ವಿಶೇಷವೇನು?
— ವ್ಯಾಪಾರಿ, ಬಂದರು, ಮಂಗಳೂರು

ಉತ್ತರ: ಇವೆರಡೂ ಬೇರೆ ಬೇರೆ ಸರಕುಗಳು, ಒಂದರ ದರದಿಂದ ಇನ್ನೊಂದನ್ನು ಅಳೆಯುವುದು ಸರಿಯಾಗದು. ವಿಜಯಪುರದಲ್ಲಿಯೂ ಗಡಿಯಾಚೆಯ ಸಾಂಗ್ಲಿಯಲ್ಲಿಯೂ ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್ ಜಾತಿಯ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಒಣಗಿಸುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪದರ ಅದರಿಂದ ಸಡಿಲಗೊಂಡು ನೀರು ಬೇಗ ಹೊರಹೋಗುತ್ತದೆ, ಬಣ್ಣವೂ ತಿಳಿಯಾಗಿ ಉಳಿಯುತ್ತದೆ. ಆಕ್ಸಾರ್ಕಿಯಾದಲ್ಲಿ ಅದ್ದುವ ಪದ್ಧತಿಯಿಲ್ಲ. ಹಣ್ಣು ನೇರ ಬಿಸಿಲಿನಲ್ಲಿ ನಿಧಾನವಾಗಿ ಒಣಗಿ ಕಪ್ಪು ಛಾಯೆಗೆ ತಿರುಗುತ್ತದೆ. ಒಳಗಿನ ತಿರುಳು ಮೆತ್ತಗೆ ಉಳಿದು, ಮೊಸ್ಕಟೆಲ್‌ನ ಹೂವಿನಂಥ ಪರಿಮಳ ಒಣಗಿದ ಮೇಲೂ ಬಾಯಿಗೆ ಬರುತ್ತದೆ. ನಮ್ಮ ಗಿರಾಕಿಗಳು ಮುನಕ್ಕಾ ಎಂದು ಕೇಳಿ ಕೊಳ್ಳುವ ಬೀಜದ ದ್ರಾಕ್ಷಿಯನ್ನು ಬಲ್ಲ ನಿಮಗೆ ಬೀಜವೊಂದು ದೋಷವಲ್ಲವೆಂದು ನಾನು ಹೇಳಬೇಕಿಲ್ಲ.

ಬೆಲೆಯ ಗುಟ್ಟು ನೆಲದಲ್ಲಿದೆ. ಸ್ಲೇಟ್ ಕಲ್ಲಿನ ಆ ಗುಡ್ಡಗಳು ಎಷ್ಟು ಕಡಿದಾಗಿವೆಯೆಂದರೆ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ಗಿಡ್ಡಗೆ ಸವರಿ ನೆಲಕ್ಕಂಟಿದಂತೆ ಬೆಳೆಸುತ್ತಾರೆ, ಕೊಯ್ದ ಹಣ್ಣನ್ನು ಮನುಷ್ಯರ ಹೆಗಲು ಅಥವಾ ಹೇಸರಗತ್ತೆಯ ಬೆನ್ನು ಹೊರುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಸಿಗುತ್ತದೆ. ಅಷ್ಟಕ್ಕೂ ಕೆಲಸ ಮುಗಿಯುವುದಿಲ್ಲ. ಮನೆಮಂದಿ, ಹೆಚ್ಚಾಗಿ ಹೆಂಗಸರು, ಕೂತು ಕತ್ತರಿಯಿಂದ ಒಂದೊಂದೇ ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ‘ಪಸಾಸ್ ದೆ ಮಾಲಗಾ’ ಎಂಬ ಹೆಸರಿಗೆ ಯುರೋಪಿನಲ್ಲಿ ಮೂಲಸ್ಥಾನದ ರಕ್ಷಣೆಯಿದೆ. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಈ ಬೇಸಾಯ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಮ್ಮ ನೆರೆಯ ಕುಟ್ಟನಾಡಿನ, ಸಮುದ್ರಮಟ್ಟಕ್ಕಿಂತ ಕೆಳಗಿನ ಭತ್ತದ ಬೇಸಾಯ ಅದೇ ಪಟ್ಟಿಯಲ್ಲಿ ಅದಕ್ಕೂ ಮೊದಲೇ ಸೇರಿತ್ತು.

ವ್ಯಾಪಾರಿಯಾದ ನಿಮಗೆ ಇದರ ಹಿಂದಿನ ಕಥೆ ರುಚಿಸೀತು. 19ನೆಯ ಶತಮಾನದಲ್ಲಿ ಮಾಲಗಾ ಬಂದರಿನಿಂದ ಇಂಗ್ಲೆಂಡಿಗೂ ಅಮೆರಿಕಕ್ಕೂ ಒಣದ್ರಾಕ್ಷಿಯ ಪೆಟ್ಟಿಗೆಗಳು ಹಡಗು ತುಂಬಿ ಹೋಗುತ್ತಿದ್ದವು. 1878ರಲ್ಲಿ ಮೊಕ್ಲಿನೆಹೊ ಹತ್ತಿರದ ತೋಟವೊಂದರಲ್ಲಿ ಫಿಲೊಕ್ಸೆರಾ ಎಂಬ, ಬೇರನ್ನು ಹೀರಿ ಬಳ್ಳಿಯನ್ನು ಕೊಲ್ಲುವ ಸಣ್ಣ ಕೀಟ ಕಾಣಿಸಿಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಗುಡ್ಡಗುಡ್ಡಗಳೇ ಬೋಳಾಗಿ, ಎಷ್ಟೋ ಸಂಸಾರಗಳು ಊರು ಬಿಟ್ಟವು. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರುಗಿಡಗಳಿಗೆ ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರೂ ಹಿಂದಿನ ವಿಸ್ತಾರ ಮರಳಲಿಲ್ಲ. ಈಗಿನ ಪೈಪೋಟಿ ಮಾವಿನದು, ಬೆಣ್ಣೆಹಣ್ಣಿನದು. ಕೆಳಗಿನ ಕಣಿವೆಗಳಲ್ಲಿ ಅವು ಒಳ್ಳೆಯ ದುಡ್ಡು ತಂದುಕೊಡುತ್ತವೆ, ಆದರೆ ನೀರು ಬೇಡುತ್ತವೆ. 2024ರ ಆರಂಭದ ಬರಗಾಲದಲ್ಲಿ ಅಲ್ಲಿನ ಮುಖ್ಯ ಜಲಾಶಯ ಲಾ ವಿನ್ಯುಯೆಲಾದ ಸಂಗ್ರಹ ಶೇಕಡ 10ಕ್ಕಿಂತ ಕೆಳಗಿಳಿದಾಗ ಆ ತೋಟಗಳವರು ಪಟ್ಟ ಪಾಡು ದೊಡ್ಡದು. ಮಳೆನೀರನ್ನೇ ನಂಬಿದ ಮೊಸ್ಕಟೆಲ್ ಬಳ್ಳಿಯ ಬೆಲೆ ತಿಳಿಯಲು ಅಂಥ ವರ್ಷವೇ ಬೇಕಾಯಿತೇನೋ ಎಂದು ನನಗೆ ಅನಿಸುತ್ತದೆ, ಆದರೆ ಅದರಲ್ಲಿ ದುಡಿಯುವ ಎಳೆಯರು ಕಡಿಮೆಯಾಗುತ್ತಿರುವುದಕ್ಕೆ ಬರಗಾಲವಾಗಲಿ ಪಟ್ಟಿಯಾಗಲಿ ಉತ್ತರ ಕೊಡಲಾರದು.

ಪ್ರಶ್ನೆ: ಅಹೋಬ್ಲಾಂಕೊ ಎಂದರೇನು? ಶುದ್ಧ ಸಸ್ಯಾಹಾರಿಗಳು ಅದನ್ನು ತಿನ್ನಬಹುದೇ?
— ಗೃಹಿಣಿ, ಮಣಿಪಾಲ

ಉತ್ತರ: ಬಾದಾಮಿ, ಬೆಳ್ಳುಳ್ಳಿ, ನೆನೆಸಿದ ಬ್ರೆಡ್ಡು, ಆಲಿವ್ ಎಣ್ಣೆ, ವಿನೆಗರ್, ಉಪ್ಪು ಹಾಕಿ ನುಣ್ಣಗೆ ರುಬ್ಬಿ, ತಣ್ಣೀರಿನಲ್ಲಿ ತೆಳ್ಳಗೆ ಮಾಡಿದ ಬಿಳಿಯ ಸೂಪು ಅದು, ಒಲೆಗೆ ಇಡುವುದೇ ಇಲ್ಲ. ಮೇಲೆ ತಾಜಾ ಮೊಸ್ಕಟೆಲ್ ದ್ರಾಕ್ಷಿ ಹಾಕಿ ಕೊಡುತ್ತಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಅದರಲ್ಲಿಲ್ಲ. ಬೆಳ್ಳುಳ್ಳಿ ಸಲ್ಲದ ಮನೆಯವರಾದರೆ ಮಾತ್ರ ದೂರವಿರಿ, ಏಕೆಂದರೆ ಅದನ್ನು ಬಿಟ್ಟು ಮಾಡಿಕೊಡಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಉಳಿದಂತೆ ತರಕಾರಿಯ ಅಡುಗೆಯಲ್ಲಿಯೂ ಹಂದಿಮಾಂಸದ ಚೂರುಗಳನ್ನು ಹಾಕುವ ರೂಢಿ ಅಲ್ಲಿದೆ. ‘ಸಿನ್ ಕಾರ್ನೆ, ಸಿನ್ ಹಮೋನ್’ ಎಂದು ಮೊದಲೇ ಹೇಳಿ ಖಾತ್ರಿ ಮಾಡಿಕೊಳ್ಳಿ. ‘ತೊರ್ತಿಯಾ’ ಎಂದು ಕೊಡುವುದರಲ್ಲಿ ಆಲೂಗಡ್ಡೆಯ ಜೊತೆ ಮೊಟ್ಟೆಯಿರುತ್ತದೆ.

ಪ್ರಶ್ನೆ: ಮ್ಯಾಡ್ರಿಡ್‌ನಿಂದ ಈ ಹಳ್ಳಿಗಳಿಗೆ ತಲುಪುವುದು ಹೇಗೆ? ಮೊಣಕಾಲು ನೋವಿರುವವರಿಗೆ ಸಾಧ್ಯವೇ?
— ಓದುಗರು, ಕುಂದಾಪುರ

ಉತ್ತರ: ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ವೇಗದ ರೈಲು ಸುಮಾರು ಮೂರು ಗಂಟೆಯೊಳಗೆ ಮಾಲಗಾ ಮುಟ್ಟಿಸುತ್ತದೆ. ಅಲ್ಲಿಂದ ಹಳ್ಳಿಗಳು ಸುಮಾರು 30 ಕಿಲೋಮೀಟರ್. ಕರಾವಳಿಯ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ ಘಾಟಿಯಂಥ ತಿರುವುಗಳು. ಬಸ್ಸುಗಳು ವಿರಳ, ಭಾನುವಾರ ಇನ್ನೂ ವಿರಳ. ಬಾಡಿಗೆ ಕಾರು ಅನುಕೂಲವಾದರೂ ಅಲ್ಲಿ ರಸ್ತೆಯ ಬಲಬದಿಯ ಓಡಾಟ, ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು; ಅದನ್ನು ಊರಿನ ಆರ್‌ಟಿಒ ಕಚೇರಿಯಿಂದ ಮಾಡಿಸಿಕೊಂಡೇ ಹೊರಡಿ. ಕಾರನ್ನು ಊರಿನ ಹೊರಗೆ ನಿಲ್ಲಿಸಿ ನಡೆಯುವುದು ಲೇಸು, ಒಳಗಿನ ಬೀದಿಗಳಲ್ಲಿ ಸಿಕ್ಕಿಹಾಕಿಕೊಂಡರೆ ಹಿಂದಕ್ಕೆ ತೆಗೆಯುವುದೇ ಒಂದು ಸಾಹಸ. ಮೊಣಕಾಲಿನ ತೊಂದರೆಯಿದ್ದರೆ ಅಲ್ಮಾಚರ್‌ನ ಏರುಬೀದಿಗಳು ಕಷ್ಟವೇ. ಅಂಥವರು ಚೌಕದ ಆಸುಪಾಸಿನಲ್ಲಿ ಉಳಿದುಕೊಂಡು, ಪಸೇರೊಗಳನ್ನು ರಸ್ತೆಯ ಬದಿಯಿಂದಲೇ ನೋಡಬಹುದು. ಹಲವು ಪಸೇರೊಗಳು ರಸ್ತೆಗೆ ಚೆನ್ನಾಗಿಯೇ ಕಾಣುತ್ತವೆ.

ಪ್ರಶ್ನೆ: ಒಣಗಲು ಹಾಕಿದ ದ್ರಾಕ್ಷಿಯ ಹತ್ತಿರ ಹೋಗಿ ಫೋಟೊ ತೆಗೆಯಲು ಬಿಡುತ್ತಾರೆಯೇ? ಅಲ್ಲಿಯೇ ಕೊಳ್ಳಬಹುದೇ?
— ಕಾಲೇಜು ವಿದ್ಯಾರ್ಥಿನಿ, ಬಿಜೈ, ಮಂಗಳೂರು

ಉತ್ತರ: ಪಸೇರೊ ಖಾಸಗಿ ಜಾಗ, ಮೇಲಾಗಿ ಒಂದು ಮನೆಯ ವರ್ಷದ ಸಂಪಾದನೆ ಅಲ್ಲಿ ಹರಡಿಕೊಂಡಿರುತ್ತದೆ. ಯಾರಾದರೂ ಕೆಲಸದಲ್ಲಿದ್ದರೆ ‘ಬುಏನೋಸ್ ದಿಯಾಸ್’ ಎಂದು ಹೇಳಿ, ಕೈಸನ್ನೆಯಿಂದಲೇ ಕೇಳಿದರೂ ಸಾಕು. ಯಾರೂ ಇಲ್ಲದಿದ್ದರೆ ಒಳಗೆ ಕಾಲಿಡಬೇಡಿ, ಗೊಂಚಲನ್ನು ಮುಟ್ಟಲೇಬೇಡಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಊಟ ಮತ್ತು ವಿಶ್ರಾಂತಿಯಲ್ಲಿರುತ್ತದೆ, ಅಂಗಡಿಗಳೂ ಬಹುತೇಕ ಮುಚ್ಚಿರುತ್ತವೆ. ಆದ್ದರಿಂದ ಬೆಳಗಿನ ಹೊತ್ತಿಗೇ ಹೋಗಿ. ಊರಿನ ಅಂಗಡಿಯಲ್ಲಿ ಹೊಸ ಬೆಳೆಯ ಒಣದ್ರಾಕ್ಷಿಯನ್ನು ಕೊಳ್ಳಬಹುದು, ಆದರೆ ಸೆಪ್ಟೆಂಬರ್‌ನ ಮೊದಲ ವಾರದಲ್ಲಿ ಹೋದವರಿಗೆ ಹಿಂದಿನ ವರ್ಷದ್ದು ಸಿಗುವ ಸಾಧ್ಯತೆ ಹೆಚ್ಚು. ಹೊಸತೇ ಬೇಕೆಂದರೆ ಕೇಳಿ ಕೊಳ್ಳಿ, ಪೊಟ್ಟಣದ ಮೇಲೆ ಮೂಲಸ್ಥಾನದ ಮುದ್ರೆಯಿದೆಯೇ ಎಂದು ನೋಡಿಕೊಳ್ಳಿ.